ಬಚ್ಚಿಡಬೇಕಾದ್ದನ್ನು ಸಾರಿ, ಸಾರಬೇಕಾದ್ದನ್ನು ಬಚ್ಚಿಟ್ಟ ಪ್ರಕಟಣೆ

ಮಾನ್ಯರೇ,

ಕ್ವಾರಿ ಹೊಂಡದಲ್ಲಿ ಹೆಣವಾಗಿ ಸಿಕ್ಕ, ಇನ್ನೂ ಗುರುತು ಸಿಗದ ಹೆಂಗಸಿನ ಹಳೇ ಕೊಲೆ ಬಗ್ಗೆ ‘ಸಾರ್ವಜನಿಕರು ಸಹಕರಿಸಿ’ ಎಂದು ನಿನ್ನೆ ನಿಮ್ಮ ಜಿಲ್ಲಾ ಪುಟದಲ್ಲಿ ಪೊಲೀಸರ ಪ್ರಕಟಣೆ ಬಂತಲ್ಲ, ಅದನ್ನು ನಂಬಿ ಸಹಕರಿಸಲು ಹೊರಟವರ ಪಾಡು ಕೇಳಿ. ಕೊಟ್ಟಿದ್ದು ಎರಡು ನಂಬರು. ಲ್ಯಾಂಡ್‌ಲೈನ್ ಚಾಲ್ತಿಯಲ್ಲೇ ಇಲ್ಲ. ಮೊಬೈಲ್ ಎತ್ತಿದವರು ‘ಆ ಕೇಸು ನಮ್ಮದಲ್ಲ, ಸರ್ಕಲ್ ಆಫೀಸಿಗೆ ಹೋಗಿ’ ಅಂದರು. ಅಲ್ಲಿಗೆ ಹೋದರೆ ‘ಆಗ ಕೋಲಾರ ಜಿಲ್ಲೆ ಇತ್ತಲ್ವಾ, ಕಡತ ಅಲ್ಲೇ ಇರಬೇಕು’. ಅರ್ಧ ದಿನ, ಎರಡು ಬಸ್ಸು, ಆಧಾರ್ ಜೆರಾಕ್ಸು, ಎಲ್ಲ ಆದಮೇಲೆ ‘ನಿಮಗೂ ಸತ್ತವಳಿಗೂ ಏನು ಸಂಬಂಧ?’ ಎಂಬ ದುರುಗುಟ್ಟುವ ನೋಟ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗಿದ್ದು 2007ರಲ್ಲಿ. ಕಡತಕ್ಕೆ ಮಾತ್ರ ಇನ್ನೂ ಬಸ್ಸು ಸಿಕ್ಕಿಲ್ಲ.

ಪ್ರಕಟಣೆಯಲ್ಲಿ ಇರುವುದಾದರೂ ಏನು? ‘ದುಂಡು ಮುಖ, ದೃಢಕಾಯ ಶರೀರ, ಕಪ್ಪು ಮೈಬಣ್ಣ, 30ರಿಂದ 45 ವರ್ಷ.’ ಹೆಣ ಸಿಕ್ಕಾಗ ಸತ್ತು ಮೂರು ದಿನವಾಗಿತ್ತೆಂದು ಅದರಲ್ಲೇ ಬರೆದಿದೆ. ನಮ್ಮ ಬೇಸಿಗೆಯಲ್ಲಿ ಒಂದೆರಡು ದಿನಕ್ಕೇ ಅನಿಲ ತುಂಬಿ ಕಡ್ಡಿಯಂಥವರೂ ದೃಢಕಾಯರಾಗುತ್ತಾರೆ, ಕಣ್ಣು ತುಟಿ ಉಬ್ಬಿ ಎಲ್ಲರ ಮುಖವೂ ದುಂಡಾಗುತ್ತದೆ, ಬೆಳ್ಳಗಿದ್ದವರೂ ಕಪ್ಪಾಗುತ್ತಾರೆ. ಪಂಚನಾಮೆಯಲ್ಲಿ ಕಂಡದ್ದನ್ನು ಕಂಡಂತೆ ಬರೆಯಲಿ, ತಪ್ಪಿಲ್ಲ. ಇಷ್ಟು ವರ್ಷದ ಮೇಲೆ ಅದನ್ನೇ ನಕಲು ಹೊಡೆದು ಊರಿಗೆಲ್ಲ ಸಾರಿದರೆ, ಸಣಕಲು ಮೈಯ ಗೋಧಿ ಬಣ್ಣದ ಮಗಳಿಗಾಗಿ ಕಾಯುತ್ತಿರುವ ತಾಯಿ ‘ನಮ್ಮವಳಲ್ಲ’ ಎಂದು ಪೇಪರು ಮಡಿಚಿಡುತ್ತಾಳೆ. ಆ ಊದಿದ ಮುಖದ ಫೋಟೊವನ್ನು ಚಿನ್ನದ ಸಾಲದ ಜಾಹೀರಾತಿನ ಪಕ್ಕ ಅಚ್ಚು ಹಾಕಿದ ನಿಮಗೂ ಒಂದು ನಮಸ್ಕಾರ.

ಕೊಳೆತರೂ ಸುಳ್ಳು ಹೇಳದವು ಬೇರೆ ಇವೆ. ತೊಡೆಮೂಳೆಯ ಉದ್ದ ಅಳೆದರೆ ಎತ್ತರ ಮೂರ್ನಾಲ್ಕು ಸೆಂಟಿಮೀಟರ್ ಹೆಚ್ಚುಕಡಿಮೆಯಲ್ಲಿ ಸಿಗುತ್ತದೆ. ಯಾವ ದವಡೆ ಹಲ್ಲು ಇರಲಿಲ್ಲ, ಯಾವುದಕ್ಕೆ ಸಿಮೆಂಟು ತುಂಬಿಸಿತ್ತು? ರವಿಕೆಯಲ್ಲಿ ಟೈಲರ್ ಲೇಬಲ್ ಇತ್ತೇ? ಒಂದು ಲೇಬಲ್ ಸಾಕು, ಊರೂ ಅಂಗಡಿಯೂ ಗೊತ್ತಾಗಲು. ಅಗಸರು ಕರಿಗೇರು ಮಸಿಯಲ್ಲಿ ಹಾಕಿದ ಗುರುತು ಎಷ್ಟು ಒಗೆದರೂ ಹೋಗುವುದಿಲ್ಲ. ಹಚ್ಚೆಯಂತೂ ಮೇಲ್ಚರ್ಮ ಜಾರಿದ ಮೇಲೆ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ತಾಳಿ ಎರಡು ಬೊಟ್ಟಿನದೋ, ತಮಿಳು ಕಡೆಯದೋ ಎಂದು ಹೇಳಿದ್ದರೆ ಹುಡುಕಬೇಕಾದ ದಿಕ್ಕಾದರೂ ಗೊತ್ತಾಗುತ್ತಿತ್ತು. ಪ್ರಕಟಣೆಯಲ್ಲಿರುವುದು ‘ಹಳದಿ ಲೋಹದ ಒಂದು ಸರ’. ಅಷ್ಟೇ.

ಇನ್ನು ಬಾಯಿ ಮುಚ್ಚಿಕೊಂಡಿರಬೇಕಾದ್ದನ್ನು ನೋಡಿ. ಹಗ್ಗ ಯಾವುದು, ಗಂಟು ಎಂಥದ್ದು, ಎಲ್ಲಿ ಬಿಗಿದಿತ್ತು, ಗಾಯ ಎಷ್ಟು, ಎಲ್ಲವೂ ಅಚ್ಚಾಗಿದೆ! ಕೊಂದವನಿಗೆ ಮಾತ್ರ ಗೊತ್ತಿರುವ ಒಂದೆರಡು ಸಂಗತಿಯನ್ನು ಯಾವ ತನಿಖಾಧಿಕಾರಿಯೂ ಹೊರಗೆ ಬಿಡಬಾರದು. ನಾಳೆ ಯಾವನೋ ಕುಡಿದು ಬಂದು ‘ನಾನೇ ಕೊಂದೆ’ ಅಂದರೆ, ಇಲ್ಲವೇ ಹಳೇ ಜಮೀನು ಜಗಳಕ್ಕೆ ಪಕ್ಕದ ಮನೆಯವನ ಹೆಸರು ಹೇಳಿದರೆ, ನಿಜವೋ ಸುಳ್ಳೋ ಎಂದು ಒರೆಗೆ ಹಚ್ಚಲು ಈಗ ಏನು ಉಳಿದಿದೆ?

ಕೇಳಬೇಕಾದ ಮೊದಲ ಪ್ರಶ್ನೆ ಮುದ್ದೆಮಾಲಿನದು, ಅಂದರೆ ಪೊಲೀಸರು ಜಪ್ತಿ ಮಾಡಿದ ವಸ್ತುಗಳದು. ಪತ್ತೆಯಾಗದ ಪ್ರಕರಣ ಎಂದು ಸಿ ರಿಪೋರ್ಟ್ ಹಾಕಿದ ಕೇಸಿನಲ್ಲಿ, ಪಿ.ಎಫ್. (ಜಪ್ತಿ ಮಾಲಿನ ಪಟ್ಟಿ) ನಂಬರ್ ಕೊಟ್ಟು ಕೋರ್ಟಿಗೆ ಒಪ್ಪಿಸಿದ ಬಟ್ಟೆಬರೆ ‘ಬೆಲೆ ಇಲ್ಲದ ವಸ್ತು’ ಎಂದು ನಾಶವಾಗಿರುವ ಸಾಧ್ಯತೆಯೇ ಹೆಚ್ಚು. ಉಳಿದಿದ್ದರೂ, ಒದ್ದೆ ಸೀರೆಯನ್ನು ನೆರಳಲ್ಲಿ ಒಣಗಿಸಿ ಕಾಗದದ ಕವರಿಗೆ ಹಾಕದೆ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟಿದ್ದರೆ ಬೂಷ್ಟು ಹಿಡಿದು ಡಿಎನ್‌ಎ ಹೋಯಿತೆಂದೇ ಲೆಕ್ಕ. ಹಲ್ಲು, ಮೂಳೆ ತೆಗೆದಿಟ್ಟಿದ್ದರೆ ಫಾರ್ಮಲಿನ್‌ನಲ್ಲಿ (ಅಂಗಾಂಗ ಕೊಳೆಯದಂತೆ ಇಡುವ ದ್ರಾವಣ) ಇಟ್ಟಿರಬಾರದು. ಅವು ಸರಿಯಾಗಿದ್ದರೆ ಡಿಎನ್‌ಎ ತಾಳೆ ನೋಡಲು ತಂದೆ ತಾಯಿಯದೋ ಮಕ್ಕಳದೋ ಎರಡು ಮೂರು ಎಂ.ಎಲ್. ರಕ್ತ ಸಾಕು. ಇದನ್ನೆಲ್ಲ ನೋಡಿಕೊಂಡು ಆಮೇಲಲ್ಲವೇ ಜನರನ್ನು ಕರೆಯುವುದು? ತಾಳೆ ನೋಡಲು ಏನೂ ಇಲ್ಲದಿದ್ದರೆ ಬಂದ ತಾಯಿಗೆ ಏನು ಹೇಳುತ್ತಾರೆ?

‘ಮಾಹಿತಿದಾರರ ಹೆಸರು ಗೌಪ್ಯ’ ಅಂತಲೂ ಇದೆ. ಆಫೀಸಿನವರು ಮಾತ್ರ ಅದನ್ನು ಕೌಂಟರಿನಲ್ಲಿ, ಹತ್ತು ಜನರೆದುರು ಕೂಗಿ ಕೇಳಿದರು. ಮಾಹಿತಿ ಎಲ್ಲಿಂದ ಬಂತೆಂದು ಪೊಲೀಸರು ಕೋರ್ಟಿನಲ್ಲೂ ಹೇಳಬೇಕಿಲ್ಲ, ಹಳೆಯ ಸಾಕ್ಷ್ಯ ಕಾಯ್ದೆಯ 125ನೇ ಕಲಮೇ ಅದು. ಸಿಆರ್‌ಪಿಸಿ ಬದಲಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಂ ಪ್ರಕಾರ 60 ದಾಟಿದವರನ್ನೂ ಯಾವ ವಯಸ್ಸಿನ ಹೆಂಗಸರನ್ನೂ ವಿಚಾರಣೆಗೆ ಬನ್ನಿ ಎಂದು ಒತ್ತಾಯಿಸುವಂತಿಲ್ಲ, ಇರುವಲ್ಲಿಗೇ ಹೋಗಿ ಕೇಳಬೇಕು. ಇಲ್ಲಿ ‘ಖುದ್ದು ಹಾಜರಾಗಿ’ ಎಂದು ಅಪ್ಪಣೆ. ‘ಸೂಕ್ತ ಬಹುಮಾನ’ ಎಷ್ಟೆಂದು ಮಾತ್ರ ಬರೆದಿಲ್ಲ, ಶಾಲು ಹೊದಿಸುತ್ತಾರೇನೋ.

ಹೆದ್ದಾರಿ ಬದಿಯ ಹೊಂಡದಲ್ಲಿ ಬಿದ್ದ ಹೆಣ ಈ ತಾಲ್ಲೂಕಿನದೇ ಎಂದು ಯಾರು ಹೇಳಿದರು? ಆಂಧ್ರದ ಹಿಂದೂಪುರ, ಕದಿರಿ, ಮದನಪಲ್ಲಿಯಲ್ಲಿ ಈ ಕನ್ನಡ ಪ್ರಕಟಣೆ ಓದುವವರು ಎಷ್ಟು ಜನ? ತೆಲುಗಿನಲ್ಲಿ ನೂರು ಕರಪತ್ರ ಹೊಡೆಸಿ ಅಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಅಂಟಿಸಲು, ಅಲ್ಲಿನ ಠಾಣೆಗಳ ಆ ವರ್ಷದ ನಾಪತ್ತೆ ರಿಜಿಸ್ಟರ್ ಕೂತು ನೋಡಲು ಯಾವ ಕಲಂ ಅಡ್ಡ ಬಂತು?

ಅಂದಹಾಗೆ ಆ ಹೊಂಡಕ್ಕೆ ಇವತ್ತಿಗೂ ಬೇಲಿ ಇಲ್ಲ. ಕಲ್ಲು ತೆಗೆದವರು ಹೋದರು, ನೀರು ನಿಂತಿದೆ, ದನ ಬೀಳುತ್ತವೆ. 2021ರ ಫೆಬ್ರುವರಿಯಲ್ಲಿ ಇದೇ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಕ್ವಾರಿಯ ಸ್ಫೋಟಕ ಜಿಲೆಟಿನ್ ಸಿಡಿದು ಆರು ಜನ ಸತ್ತಾಗ ಜೀಪುಗಳು ಬಂದವು, ಫೋಟೊ ಹೊಡೆಸಿಕೊಂಡವು, ಹೋದವು. ಅರ್ಜಿ ಕೊಟ್ಟರೆ ಒಂದು ಇಲಾಖೆ ಇನ್ನೊಂದು ಇಲಾಖೆಯ ಬಾಗಿಲು ತೋರಿಸುತ್ತದೆ, ಆ ವಿದ್ಯೆಯಲ್ಲಿ ಯಾರೂ ಯಾರಿಗೂ ಕಡಿಮೆಯಿಲ್ಲ.

ಆದಕಾರಣ ಸಂಬಂಧಪಟ್ಟವರು ಪ್ರಕಟಣೆಯನ್ನು ವಾಪಸು ತೆಗೆದುಕೊಳ್ಳಲಿ, ಇಲ್ಲವೇ ನೆಟ್ಟಗೆ ಬರೆದು ಇನ್ನೊಮ್ಮೆ ಹಾಕಲಿ. ಹೊಂಡಕ್ಕೆ ಬೇಲಿಯನ್ನೂ ಹಾಕಿಸಲಿ. ಯಾವುದೂ ಆಗದಿದ್ದರೆ ಆ ಲ್ಯಾಂಡ್‌ಲೈನಿನ ಬಿಲ್ಲಾದರೂ ಕಟ್ಟಲಿ.

– ಒಬ್ಬ ಓದುಗ, ಚಿಕ್ಕಬಳ್ಳಾಪುರ ಜಿಲ್ಲೆ