ಶನಿವಾರದ ಗಿಟಾರ್ ತರಗತಿ: ಸೇರಿಸುವ ಮುಂಚೆ ಇದನ್ನೊಮ್ಮೆ ಓದಿ

ಪ್ರಿಯ ಪೋಷಕರೇ,

ಬರುವ ತಿಂಗಳಿಂದ ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ಒಂದು ಗಂಟೆ, 8 ಮತ್ತು 9ನೇ ತರಗತಿಯ ಮಕ್ಕಳಿಗೆ ಎಲೆಕ್ಟ್ರಿಕ್ ಗಿಟಾರ್ ಕಲಿಸಲು ಶುರು ಮಾಡುತ್ತಿದ್ದೇವೆ. ಗಿಟಾರನ್ನು ಒಮ್ಮೆಯೂ ಮುಟ್ಟದವರಿಗಾಗಿಯೇ ಈ ತರಗತಿ. ಹತ್ತನೆಯವರನ್ನು ಸೇರಿಸಿಲ್ಲ. ಸೇರಿಸಿದ್ದರೆ ನಿಮ್ಮಲ್ಲಿ ಅರ್ಧ ಜನ ಮರುದಿನವೇ ನನ್ನ ಕೋಣೆಯ ಮುಂದೆ ನಿಂತಿರುತ್ತಿದ್ದಿರಿ, ಗೊತ್ತು.

ಕಳೆದ ಪೋಷಕರ ಸಭೆಯಲ್ಲಿ ಒಬ್ಬ ತಾಯಿ ಕೇಳಿದರು: "ವೀಣೆ, ಕೊಳಲು ಎಲ್ಲಾ ಬಿಟ್ಟು ಈ ಗಲಾಟೆ ಯಾಕೆ ಮೇಡಂ?" ಅವತ್ತು ನಗುತ್ತಾ ಮಾತು ತೇಲಿಸಿಬಿಟ್ಟೆ. ಈಗ ಉತ್ತರ ಹೇಳುತ್ತೇನೆ.

ಇದು ಗಲಾಟೆಯ ನಡುವೆ ಕೇಳಿಸಲೆಂದೇ ಹುಟ್ಟಿದ ವಾದ್ಯ. ಅಮೆರಿಕದ ಬ್ಯಾಂಡುಗಳಲ್ಲಿ ಟ್ರಂಪೆಟ್, ಸ್ಯಾಕ್ಸೊಫೋನುಗಳ ಮಧ್ಯೆ ಗಿಟಾರ್ ದನಿ ಮುಳುಗಿಹೋಗುತ್ತಿತ್ತು. ಅದಕ್ಕೇ ತಂತಿಯ ಅದುರನ್ನು ವಿದ್ಯುತ್ತಾಗಿ ಬದಲಿಸುವ ಉಪಾಯ ಹುಡುಕಿದರು. 1932ರಲ್ಲಿ ಮಾರಾಟಕ್ಕೆ ಬಂದ ರಿಕನ್‌ಬ್ಯಾಕರ್ ಗಿಟಾರ್ ಎಷ್ಟು ವಿಚಿತ್ರವಾಗಿತ್ತೆಂದರೆ, ಜನ ಅದನ್ನು 'ಬಾಣಲೆ' ಎಂದೇ ಕರೆದರು. ಇತ್ತ ನಮ್ಮ ಮೈಸೂರು ಟಿ. ಚೌಡಯ್ಯನವರದೂ ಇದೇ ಚಿಂತೆ. ಮೈಕ್ ಇಲ್ಲದ ಕಛೇರಿಯಲ್ಲಿ ಹಿಂದೆ ಕೂತವರಿಗೂ ಕೇಳಲಿ ಎಂದು ಪಿಟೀಲಿನ ನಾಲ್ಕು ತಂತಿಯನ್ನು ಏಳು ಮಾಡಿಕೊಂಡರು. ಪಿಟೀಲೂ ಹೊರಗಿನಿಂದ ಬಂದದ್ದೇ ಅಲ್ವಾ?

ಇನ್ನು ಮನೆಯಲ್ಲಿ ಸದ್ದಿನ ಭಯ. ನೀವು ಅಂದುಕೊಂಡದ್ದಕ್ಕೆ ಪೂರ್ತಿ ಉಲ್ಟಾ. ಸಾಮಾನ್ಯ ಗಿಟಾರಿನ ಹೊಟ್ಟೆ ಟೊಳ್ಳು, ಅದನ್ನು ನುಡಿಸಿದರೆ ಪಕ್ಕದ ಮನೆಗೂ ಕೇಳುತ್ತದೆ. ಎಲೆಕ್ಟ್ರಿಕ್ ಗಿಟಾರ್ ಹೆಚ್ಚಾಗಿ ಗಟ್ಟಿ ಮರದ ಹಲಗೆ. ಆಂಪ್ಲಿಫೈಯರ್‌ಗೆ ಸಿಕ್ಕಿಸದಿದ್ದರೆ ಬರುವುದು ಬರೀ ಕಿಣಿಕಿಣಿ. ಸಿಕ್ಕಿಸಿದರೂ ಹೆಡ್‌ಫೋನ್ ಹಾಕಿಕೊಂಡರೆ ಮುಗೀತು, ಅಜ್ಜಿಯ ನಿದ್ದೆಗೆ ಏನೂ ಆಗುವುದಿಲ್ಲ.

ಈಗ ಮುಖ್ಯವಾದ ಮಾತು. ದಯವಿಟ್ಟು ಈಗಲೇ ಗಿಟಾರ್ ಕೊಳ್ಳಬೇಡಿ. ಶಾಲೆಯಲ್ಲಿ ಗಿಟಾರ್‌ಗಳಿವೆ, ಸರದಿಯ ಮೇಲೆ ಮನೆಗೂ ಕೊಡುತ್ತೇವೆ. ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ನನ್ನದೇ ಪೆದ್ದುತನ. ಇಪ್ಪತ್ತು ವರ್ಷದ ಹಿಂದೆ, ನೋಡಲು ಚೆನ್ನಾಗಿದೆ ಎಂದು ಒಂದು ಸಾಮಾನ್ಯ ಗಿಟಾರ್ ತಂದೆ. ತಂತಿಗಳು ಹಲಗೆಯಿಂದ ಎಷ್ಟು ಮೇಲಿದ್ದವೆಂದರೆ ಒತ್ತಿ ಒತ್ತಿ ಬೆರಳು ಊದಿಕೊಂಡಿತು. ನನಗೇ ಕೈ ಕೂಡುತ್ತಿಲ್ಲ ಅಂದುಕೊಂಡೆ. ತಂತಿಯನ್ನು ತಗ್ಗಿಸಿಕೊಳ್ಳಬಹುದು ಎಂದು ಅಂಗಡಿಯವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆರು ವಾರಕ್ಕೆ ಅದು ಅಟ್ಟ ಸೇರಿತು. ಮುಂದೆ ನೀವು ಕೊಳ್ಳುವಾಗ ಬಣ್ಣ ಆಮೇಲೆ ನೋಡಿ. ಮೊದಲು ತಂತಿಯ ಎತ್ತರ ನೋಡಿ, ಮಗುವಿನ ಕೈಯಲ್ಲೇ ಒತ್ತಿಸಿ ನೋಡಿ. ತೆಳು ತಂತಿ ಹಾಕಿಸಿ. 'ನೈನ್' ಸೆಟ್ ಎಂದರೆ ಅಂಗಡಿಯವರಿಗೆ ಗೊತ್ತಾಗುತ್ತದೆ. ಸಾಮಾನ್ಯ ಗಿಟಾರಿನ ತಂತಿಗಿಂತ ಅದು ಬೆರಳಿಗೆ ಎಷ್ಟೋ ಮೆತ್ತಗೆ.

ಮೊದಲ ತಿಂಗಳು ಮನೆಯಲ್ಲಿ ಹಾಡು ಕೇಳಿಸುವುದಿಲ್ಲ. ಆರು ತಂತಿಯ ಶ್ರುತಿ ಕೂಡಿಸುವುದು, ತಂತಿ ಮೀಟುವ ಪುಟ್ಟ ಬಿಲ್ಲೆ, ಅಂದರೆ ಪಿಕ್ ಹಿಡಿಯುವುದು, ಒಂದೇ ತಂತಿಯ ಮೇಲೆ ಒಂದು, ಎರಡು, ಮೂರು, ನಾಲ್ಕು ಎಂದು ಬೆರಳು ನಡೆಸುವುದು. ನಮ್ಮ ಸರಳೆ ವರಸೆ ಇದ್ದ ಹಾಗೆ. ಬೆರಳನ್ನು ಫ್ರೆಟ್‌ನ ಲೋಹದ ಪಟ್ಟಿಯ ಮೇಲೆ ಇಡಬಾರದು, ಅದರ ಹಿಂದೆ ಒತ್ತಿಕೊಂಡ ಹಾಗೆ ಇಡಬೇಕು. ಜಾಸ್ತಿ ಒತ್ತಿದರೆ ಸ್ವರ ಮೇಲಕ್ಕೆ ಜಾರುತ್ತದೆ. ಹೊಸಬರಿಗೆ ಇದಕ್ಕಿಂತ ಕಷ್ಟ ಇನ್ನೊಂದಿದೆ: ನುಡಿಸದ ತಂತಿಗಳನ್ನು ಸುಮ್ಮನಿರಿಸುವುದು. ಆಂಪ್ಲಿಫೈಯರ್ ಚಾಡಿಕೋರ ಇದ್ದ ಹಾಗೆ. ಬೆರಳು ತಾಗಿದ್ದು, ತಂತಿ ಉಜ್ಜಿದ್ದು, ಎಲ್ಲವನ್ನೂ ದೊಡ್ಡದು ಮಾಡಿ ಹೇಳುತ್ತದೆ. ಎಡಗೈ ಬೆರಳು, ಬಲ ಅಂಗೈ ಎರಡೂ ತಂತಿ ಅದುಮುವ ಕೆಲಸ ಕಲಿಯಬೇಕು.

ಎರಡನೇ ತಿಂಗಳಲ್ಲಿ ಇ ಮೈನರ್ ಕಾರ್ಡ್ ಬರುತ್ತದೆ. ಕಾರ್ಡ್ ಎಂದರೆ ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವುದು. ಇ ಮೈನರ್‌ಗೆ ಎರಡೇ ಬೆರಳು ಸಾಕು. ಮಗುವಿನ ಮುಖ ಅರಳುವುದು ಅಲ್ಲಿ. ಕಾರ್ಡ್ ಹಿಡಿಯುವುದು ಅಷ್ಟು ಕಷ್ಟವಲ್ಲ. ಒಂದರಿಂದ ಇನ್ನೊಂದಕ್ಕೆ ತಾಳ ತಪ್ಪದೆ ಹೋಗುವುದೇ ಕಷ್ಟ. ಬೆರಳ ತುದಿ ಉರಿಯುತ್ತದೆ ಎಂದು ದೂರು ಬರುತ್ತದೆ. ಕೆಲವು ವಾರದಲ್ಲಿ ಚರ್ಮ ಜಡ್ಡುಗಟ್ಟುತ್ತದೆ, ಗಾಬರಿ ಬೇಡ. ಆದರೆ ಮಣಿಕಟ್ಟು ನೋಯುತ್ತಿದ್ದರೆ ಅಭ್ಯಾಸ ನಿಲ್ಲಿಸಿ ನಮಗೆ ಹೇಳಿ, ಅದು ಕೂರುವ ಭಂಗಿಯ ತಪ್ಪಿರಬಹುದು. ದಿನಕ್ಕೆ ಹದಿನೈದು ನಿಮಿಷ ಸಾಕು. ಭಾನುವಾರ ಒಂದೇ ಸಲ ಎರಡು ಗಂಟೆ ಕೂರಿಸಿದರೆ ಬೆರಳು ನೋಯುತ್ತದೆ, ಅಷ್ಟೇ.

ಮೊದಲ ಮೂರು ತಿಂಗಳಲ್ಲಿ ನಿಮ್ಮಿಂದ ಒಂದು ಉಪಕಾರ ಆಗಬೇಕು. ನೆಂಟರು ಬಂದಾಗ "ಒಂದು ಹಾಡು ನುಡಿಸು ಪುಟ್ಟಾ" ಎನ್ನಬೇಡಿ. ಬಾರದ ಹಾಡನ್ನು ಹತ್ತು ಜನರ ಮುಂದೆ ನುಡಿಸಿ ತಪ್ಪಿದ ಮಗು ಆ ವಾದ್ಯವನ್ನು ಮತ್ತೆ ಮುಟ್ಟದಿರಬಹುದು. ಎಡಗೈ ರೂಢಿಯ ಮಕ್ಕಳಿದ್ದರೆ ಮೊದಲೇ ತಿಳಿಸಿ. ಅಮೆರಿಕದ ಹೆಸರಾಂತ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಬಲಗೈಯವರ ಗಿಟಾರನ್ನೇ ತಿರುಗಿಸಿ ತಂತಿ ಬದಲಿಸಿಕೊಂಡು ನುಡಿಸಿದವರು. ಮಗುವಿಗೆ ಯಾವ ಕೈ ಒಗ್ಗುತ್ತದೆ, ಎರಡೂ ಕಡೆ ಹಿಡಿಸಿ ನೋಡೋಣ.

ವಿದ್ಯುತ್ತಿನ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಗಿಟಾರಿನ ತಂತಿ, ಕೇಬಲ್ ಮೂಲಕ ಆಂಪ್ಲಿಫೈಯರ್‌ನ ಅರ್ತ್‌ಗೆ ಸೇರಿರುತ್ತದೆ. ಹಾಗಾಗಿ ಅರ್ತ್ ಸರಿಯಿರುವ ಮೂರು ಪಿನ್‌ನ ಸಾಕೆಟ್ಟೇ ಬೇಕು. ಎರಡು ಪಿನ್‌ಗೆ ಹೊಂದಿಸಲು ಮೂರನೆಯದನ್ನು ಮುರಿಯುವ ಜಾಣತನ ಬೇಡ. ತಂತಿ ಮುಟ್ಟಿದಾಗ ಜುಮ್ಮೆಂದರೆ ತಕ್ಷಣ ಸ್ವಿಚ್ ಆರಿಸಿ, ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಒದ್ದೆ ಕೈಯಲ್ಲಿ ಮುಟ್ಟುವುದು ಬೇಡ. ಕೇಬಲ್ ಸಿಕ್ಕಿಸುವ ಮುಂಚೆ ವಾಲ್ಯೂಮ್ ಸೊನ್ನೆಯಲ್ಲಿರಲಿ.

ಒಪ್ಪಿಗೆ ಚೀಟಿಯನ್ನು ಶುಕ್ರವಾರದೊಳಗೆ ಮಗುವಿನ ಡೈರಿಯಲ್ಲಿಟ್ಟು ಕಳಿಸಿ. ಮೊದಲ ತರಗತಿಗೆ ಬರುವಾಗ ತಂತಿ ಒತ್ತುವ ಕೈಯ ಉಗುರು ಪೂರ್ತಿ ಕತ್ತರಿಸಿರಬೇಕು, ಇಲ್ಲದಿದ್ದರೆ ತಂತಿ ಒತ್ತಲು ಆಗುವುದಿಲ್ಲ. ಹಿಂದಿನ ಬೆಂಚಿನಲ್ಲಿ ನಾನೂ ಕೂರುತ್ತಿದ್ದೇನೆ. ನನ್ನ ಎಡಗೈ ಉಗುರು ನಿನ್ನೆಯೇ ಕತ್ತರಿಸಿಕೊಂಡೆ.

ನಿಮ್ಮ,
ಮುಖ್ಯ ಶಿಕ್ಷಕಿ