ಗಣಿತ ಪ್ರಬಂಧ ಬಹುಮಾನ: ಓದುವ ಮುನ್ನ
ಗೆಳೆಯರೇ, ಬಹುಮಾನಕ್ಕೆ ಬಂದಿರುವ ಎಂಎಸ್ಸಿ ಗಣಿತ ಪ್ರಬಂಧಗಳನ್ನು ಓದುವ ಮುನ್ನ ಒಂದು ಮಾತು. ಹೊಸ ಪ್ರಮೇಯ ಇಲ್ಲ ಅಂತ ಸುಮ್ನೆ ಯಾವುದನ್ನೂ ಪಕ್ಕಕ್ಕೆ ಇಡಬೇಡಿ. ಈ ಹಂತದಲ್ಲಿ ಅದು ಅಪರೂಪ, ಅಲ್ವಾ? ಗೊತ್ತಿರುವ ಪ್ರಮೇಯಕ್ಕೆ ಸರಳವಾದ ಸಾಧನೆ (ಪ್ರೂಫ್) ಕೊಟ್ಟಿದ್ದರೆ, ತಾವೇ ಕಟ್ಟಿದ ಉದಾಹರಣೆಗಳಿಂದ ಕಷ್ಟದ ವಿಷಯ ಬಿಡಿಸಿದ್ದರೆ, ಅದೂ ದೊಡ್ಡ ಕೆಲಸವೇ.

ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ 1937ರಲ್ಲಿ ಅಲ್ಲಿನ ಎಂಐಟಿ ವಿಶ್ವವಿದ್ಯಾಲಯಕ್ಕೆ ಕೊಟ್ಟ ಸ್ನಾತಕೋತ್ತರ ಪ್ರಬಂಧ ನೆನಪಿಸಿಕೊಳ್ಳಿ. ಬೂಲ್ ಬೀಜಗಣಿತ, ಅಂದರೆ ಸರಿ-ತಪ್ಪು ಎಂಬ ಎರಡೇ ಬೆಲೆಗಳ ಲೆಕ್ಕ, ಆಗಲೇ ಹಳೆಯದು. ಅದನ್ನು ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ಸರ್ಕ್ಯೂಟ್‌ಗಳಿಗೆ ಬಳಸಬಹುದು ಅಂತ ಅವರು ತೋರಿಸಿದರು. ಡಿಜಿಟಲ್ ಸರ್ಕ್ಯೂಟ್ ವಿನ್ಯಾಸಕ್ಕೆ ಅದೇ ಅಡಿಪಾಯವಾಯಿತು!

ಅಂಕದ ಜೊತೆ ಎರಡು ಸಾಲು ಕಾರಣವನ್ನೂ ಬರೆಯಿರಿ. ಬಹುಮಾನ ಸಿಗದವರಿಗೆ ಅದು ಜಾಸ್ತಿ ಉಪಯೋಗಕ್ಕೆ ಬರುತ್ತದೆ. ನಿಮ್ಮದೇ ವಿದ್ಯಾರ್ಥಿಯ ಪ್ರಬಂಧ ಕೈಗೆ ಬಂದರೆ ತಕ್ಷಣ ತಿಳಿಸಿ, ಬೇರೆಯವರಿಗೆ ಕೊಡೋಣ.