ಚೆಂಡು ಹೊಲಿಯುವ ಕಾಕಾಗೆ ಧನ್ಯವಾದ

ಕಲಬುರಗಿಯ ನಮ್ಮ ಮಕ್ಕಳ ಫುಟ್‌ಬಾಲ್ ತರಬೇತಿಗೆ ಈ ತಿಂಗಳು ವರ್ಷ ತುಂಬಿತು. ಶುರುವಿನಲ್ಲಿ ತಂದ 12 ಚೆಂಡುಗಳಲ್ಲಿ 11 ಇನ್ನೂ ಆಟದಲ್ಲಿವೆ. ಕೆಳಗೆ ಎರೆಮಣ್ಣು, ಮೇಲೆ ಮೇ ತಿಂಗಳ ಬಿಸಿಲು, ಸುತ್ತ ಜಾಲಿಮುಳ್ಳು. ಇಲ್ಲಿ ಆಡಿಸಿದವರಿಗೆ ಈ ಲೆಕ್ಕದ ಬೆಲೆ ಗೊತ್ತು. ಇದು ಸ್ಪೋರ್ಟ್ಸ್ ಅಂಗಡಿ ಕಾಕಾ ಅವರ ಪುಣ್ಯ. ಹೆಸರು ಹಾಕಬ್ಯಾಡ್ರಿ ಅಂದಿದ್ದಾರೆ, ಹಾಕುತ್ತಿಲ್ಲ.

ಕಾಕಾ ಒಂದು ಕಾಲಕ್ಕೆ ರೈಟ್ ಬ್ಯಾಕ್, ಅಂದರೆ ಬಲಬದಿ ಕಾಯುವ ಆಟಗಾರ. ಮೊದಲು ಜಿಲ್ಲಾ ತಂಡ, ಆಮೇಲೆ ಬೆಂಗಳೂರಿನ ಲೀಗ್. ಮೊಣಕಾಲಿನ ಲಿಗಮೆಂಟ್ ಹರಿದು ಆಟ ನಿಂತಿತು. ದೊಡ್ಡ ಆಟಗಾರರಿಗೆ ಆಟದಾಚೆಗೂ ದಾರಿ ಇರುತ್ತದೆ. ಇಂಗ್ಲೆಂಡಿನ ಡೇವಿಡ್ ಬೆಕ್ಯಾಮ್ 2007ರಲ್ಲಿ ಆಡಲು ಅಮೆರಿಕಕ್ಕೆ ಹೋದಾಗ, ಮುಂದೆ 2.5 ಕೋಟಿ ಡಾಲರ್‌ಗೆ ಅಲ್ಲಿ ತಂಡ ಕೊಳ್ಳಬಹುದೆಂದು ಕರಾರಿನಲ್ಲೇ ಬರೆದಿತ್ತು. ಅವರ ಇಂಟರ್ ಮಯಾಮಿ ತಂಡ ಹುಟ್ಟಿದ್ದು ಹಾಗೆ. ಭಾರತ ತಂಡದ ನಾಯಕರಾಗಿದ್ದ ಬೈಚುಂಗ್ ಭುಟಿಯಾ 2010ರಲ್ಲಿ ತಮ್ಮ ಹೆಸರಿನಲ್ಲೇ ಫುಟ್‌ಬಾಲ್ ಶಾಲೆ ತೆಗೆದರು. ನಮ್ಮ ಕಾಕಾಗೆ ಸಿಕ್ಕಿದ್ದು ಅಂಗಡಿಯ ಬಾಡಿಗೆ ಕರಾರು.

ಮೊದಲ ದಿನವೇ ಅವರು ದೊಡ್ಡವರಾಡುವ 5 ನಂಬರಿನ ಚೆಂಡು ಮಾರಲು ಒಪ್ಪಲಿಲ್ಲ. "ಹನ್ನೆರಡು ದಾಟಲಾರ್ದ ಹುಡುಗ್ರಿಗಿ ನಾಕು ನಂಬರ ಸಾಕ್ರಿ." 5ರ ತೂಕ 410ರಿಂದ 450 ಗ್ರಾಂ, 4ರದು 350ರಿಂದ 390. ಭಾರದ ಚೆಂಡಿಗೆ ಸಣ್ಣವರು ಹಿಂದಕ್ಕೆ ವಾಲಿ, ಕಾಲ್ಬೆರಳ ತುದಿಯಿಂದ ಒದೆಯುವುದು ಕಲಿಯುತ್ತಾರೆ. ಆ ಚಟ ಬಿಡಿಸುವುದು ಸುಲಭವಲ್ಲ. ಬ್ಲಾಡರ್ (ಒಳಗಿನ ಗಾಳಿಚೀಲ) ಬ್ಯುಟೈಲ್ ರಬ್ಬರ್‌ದೇ ಇರಲಿ ಅಂದರು. ಲೇಟೆಕ್ಸ್ ರಬ್ಬರ್ ಚೆನ್ನಾಗಿ ಪುಟಿಯುತ್ತದೆ, ಆದರೆ ಗಾಳಿ ಬೇಗ ಇಳಿಯುತ್ತದೆ. ದಿನಾ ಪಂಪ್ ಹಿಡಿದು ಕೂರಬೇಕು.

ನಾವು ಕಳೆದುಕೊಂಡ ಆ ಒಂದು ಚೆಂಡು ಪಂಪಿನ ಒಣ ಸೂಜಿಗೆ ಬಲಿಯಾಯಿತು. ಒಣ ಸೂಜಿ ಚುಚ್ಚಿದರೆ ಗಾಳಿ ತುಂಬುವ ವಾಲ್ವ್ ಒಳಗೆ ಸರಿಯುತ್ತದೆ, ಇಲ್ಲವೇ ಅದರ ರಬ್ಬರ್ ಹರಿಯುತ್ತದೆ. ವಾಲ್ವ್ ಬ್ಲಾಡರಿಗೇ ಅಂಟಿರುವುದರಿಂದ ಅದು ಹೋದರೆ ಚೆಂಡೂ ಹೋದಂತೆ. ಎರಡು ಹನಿ ಗ್ಲಿಸರಿನ್ ಸವರಿ, ಸೂಜಿಯನ್ನು ನೆಟ್ಟಗೆ, ನಿಧಾನ ತಿರುವುತ್ತಾ ಇಳಿಸಬೇಕು. ಅಂದಿನಿಂದ ಪ್ರತಿ ಪಂಪಿನ ಜೊತೆ ಕಾಕಾ ಗ್ಲಿಸರಿನ್ ಬಾಟ್ಲಿ ಪುಕ್ಕಟೆ ಕೊಡುತ್ತಾರೆ. (ಉಗುಳು ಹಚ್ಚುವವರನ್ನು ಕಂಡರೆ ಅವರಿಗೆ ಆಗುವುದಿಲ್ಲ, ಸೂಜಿಗೆ ಜಂಗು ಹಿಡಿಯುತ್ತದಂತೆ.)

ಗಾಳಿಯ ಲೆಕ್ಕವೂ ಅವರದೇ. ಆಟದ ನಿಯಮ 8.5ರಿಂದ 15.6 ಪಿಎಸ್ಐವರೆಗೆ (ಗಾಳಿಯ ಒತ್ತಡದ ಅಳತೆ) ಬಿಡುತ್ತದೆ. ಗಟ್ಟಿ ನೆಲದಲ್ಲಿ ಮಕ್ಕಳಿಗೆ 9ರ ಆಸುಪಾಸು ಸಾಕು. ಬೆಳಿಗ್ಗೆ 25 ಡಿಗ್ರಿಯಲ್ಲಿ 9 ತುಂಬಿದ ಚೆಂಡು ಬಿಸಿಲಿಗೆ ನಿಂತ ಕಾರಿನೊಳಗೆ 55 ಡಿಗ್ರಿ ಮುಟ್ಟಿದರೆ ಒತ್ತಡ 11 ದಾಟುತ್ತದೆ. ಹೊಲಿಗೆ ಬಿರಿಯಲು ಒದೆತವೊಂದೇ ಕಾರಣವಲ್ಲ, ಕಾರಿನ ಡಿಕ್ಕಿಯಲ್ಲಿ ಮರೆತುಬಿಡುವುದೂ ಕಾರಣ.

ಮುಳ್ಳು ಚುಚ್ಚಿದ ಮೂರು ಚೆಂಡುಗಳನ್ನು ಅವರೇ ಉಳಿಸಿದರು. ವಾಲ್ವಿನಿಂದ ದೂರದ ಕಡೆ ಏಳೆಂಟು ಹೊಲಿಗೆ ಬಿಚ್ಚಿ, ಬ್ಲಾಡರಿನ ಆ ಭಾಗ ಹೊರಗೆಳೆದು, ಉಜ್ಜಿ, ಸೈಕಲ್ ಟ್ಯೂಬಿನ ಪ್ಯಾಚ್ ಹಾಕುತ್ತಾರೆ. ಆಮೇಲೆ ಮೇಣ ಸವರಿದ ಪಾಲಿಯೆಸ್ಟರ್ ದಾರದ ಎರಡೂ ತುದಿಗೆ ಸೂಜಿ ಕಟ್ಟಿ, ಹಳೆ ತೂತುಗಳಲ್ಲೇ ಹೊಲಿಗೆ. ಹೊಸ ತೂತು ಹಾಕಿದರೆ ಪ್ಯಾನೆಲ್ (ಚೆಂಡಿನ ಹೊರಗಿನ ತುಂಡು) ಅಲ್ಲಿಂದಲೇ ಹರಿಯುತ್ತದೆ. ಹೊಸ ಚೆಂಡು ಮಾರಬೇಕಾದವರು ಹಳೆಯದನ್ನು ಹೊಲಿಯುತ್ತ ಕೂತರೆ ಅಂಗಡಿ ನಡೆಯುವುದು ಹ್ಯಾಂಗ ಅಂತ ಕೇಳಿದರೆ ಕಾಕಾ ಅವರ ಹೆಂಡತಿ, ನಮ್ಮ ಕಾಕು, ನಗುತ್ತಾರೆ: ಕ್ರಿಕೆಟ್ ಬ್ಯಾಟು, ಟ್ರೋಫಿ, ಜರ್ಸಿ ಪ್ರಿಂಟು. ಉದ್ರಿ ಪುಸ್ತಕ ಕಾಕು ಅವರ ಕೈಯಲ್ಲಿರುವುದರಿಂದಲೇ ಅಂಗಡಿ ನಿಂತಿದೆ ಅನ್ನುವುದು ನಮ್ಮ ಅಂದಾಜು. ಅವರಿಗೂ ಧನ್ಯವಾದ.

ಉದ್ದ ಸ್ಟಡ್ಡಿನ (ಅಡಿಯ ಮೊಳೆಯಂಥ ಗುಬಟಿ) ಬೂಟು ಬೇಡವೆಂದು ಕಾಕಾ ಪಾಲಕರನ್ನು ವಾಪಸ್ ಕಳಿಸಿದ್ದಕ್ಕೆ ಬೇರೆಯಾಗಿ ಹೇಳಬೇಕು. ಬೇಸಿಗೆಯ ಎರೆಯಲ್ಲಿ ಸ್ಟಡ್ ಇಳಿಯುವುದೇ ಇಲ್ಲ, ಭಾರವೆಲ್ಲ ನಾಲ್ಕಾರು ಬಿಂದುಗಳ ಮೇಲೆ ಬಿದ್ದು ಹಿಮ್ಮಡಿ ನೋಯುತ್ತದೆ. ಸಣ್ಣ ರಬ್ಬರ್ ಗುಬಟಿಗಳ ಟರ್ಫ್ ಶೂ ಸಾಕು. ಮಳೆಗಾಲಕ್ಕೆ ಅವರ ಮಾತು ಇನ್ನೂ ಬಿಗಿ: "ಹಸಿ ಎರಿಮ್ಯಾಲ ಆಡಿಸಬ್ಯಾಡ್ರಿ. ಬಿದ್ದ ಕುಣಿ ಹಂಗೇ ಒಣಗತಾವ, ಆಮ್ಯಾಲ ಕಾಲ ಹೊಳ್ಳತಾವ." ಈ ಸಲ ಜುಲೈನಲ್ಲಿ ಒಂಬತ್ತು ದಿನ ಆಟ ನಿಲ್ಲಿಸಿದೆವು. ಯಾರ ಕಾಲೂ ಉಳುಕಲಿಲ್ಲ.

ಕಾಕಾ, ಪುಸ್ತಕದಲ್ಲಿ ನಮ್ಮ ಹೆಸರಿನ ಮುಂದಿರುವ 640 ರೂಪಾಯಿ ಸೋಮವಾರ ಮುಟ್ಟಿಸುತ್ತೇವೆ. ಒಂದು ಚೆಂಡಿನ ಹೊಲಿಗೆ ಸಡಿಲಾಗಿದೆ, ಅದನ್ನೂ ತರುತ್ತೇವೆ.